ಭಾವನಿಗೆ ಕಂಡದ್ದೆಲ್ಲ ಗಾಳ

ನಮ್ಮ ಅಕ್ಕನ ಗಂಡನಿಗೆ ಬೀದಿಯವರು ಇಟ್ಟಿರುವ ಹೆಸರು ಉಪಗ್ರಹ. ಏನೇ ಮಾತು ತೆಗೆಯಿರಿ, ನೆಲಕ್ಕಿಳಿಯದೆ ಎಲ್ಲರ ತಲೆಯ ಮೇಲೇ ಸುತ್ತುತ್ತಿರುತ್ತಾರಲ್ಲ, ಅದಕ್ಕೆ. ಆ ಹೆಸರು ಅವರ ಕಿವಿಗೂ ಬಿದ್ದಿದೆ. ಹೊಗಳಿಕೆ ಎಂದೇ ತಿಳಿದು ಬೀಗುತ್ತಾರೆ. ಬೀದಿಗೆ ಉಪಗ್ರಹ, ಅಕ್ಕನಿಗೆ ಗ್ರಹಚಾರ, ನನಗೆ ಭಾವ. ಏನು ಮಾಡುವುದು, ಸಂಬಂಧವನ್ನು ಅಳಿಸಿಹಾಕುವ ಗುಂಡಿ ಯಾವ ಕಂಪ್ಯೂಟರಿನಲ್ಲೂ ಇಲ್ಲ.

ನಾನು ಅಕ್ಕನ ಮನೆಯಿಂದ ಎರಡು ಬೀದಿ ಆಚೆ ಹೆಂಗಸರ ಪಾರ್ಲರ್ ಇಟ್ಟುಕೊಂಡಿದ್ದೇನೆ. ಭಾವ ನನ್ನನ್ನು ಕತ್ತರಿ ಎಂದು ಕರೆಯುತ್ತಾರೆ. ಕೈಯಲ್ಲಿರುವುದಕ್ಕಲ್ಲ, ಬಾಯಲ್ಲಿರುವುದಕ್ಕೆ. ಇರಲಿ. ಅವರ ಬಗ್ಗೆ ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಬೇಗ ಮುಗಿಯುತ್ತದೆ. ಕುಡಿಯುವುದಿಲ್ಲ, ಯಾರ ಮೇಲೂ ಕೈಯೆತ್ತುವುದಿಲ್ಲ, ಕುಕ್ಕರ್ ಕೂಗಿದರೆ ಎದ್ದು ಹೋಗಿ ಒಲೆ ಆರಿಸುತ್ತಾರೆ. ಮುಗಿಯಿತು.

ಏನು ಕೆಲಸ ಎಂದು ಯಾರಾದರೂ ಕೇಳಿದರೆ ಭಾವ ಆಚೀಚೆ ನೋಡಿ, ದನಿ ತಗ್ಗಿಸಿ, ‘ಸೈಬರ್ ಭದ್ರತೆ’ ಎನ್ನುತ್ತಾರೆ. ಇರುವುದು ಪ್ಲಾಸ್ಟಿಕ್ ಪೈಪು, ನಲ್ಲಿ ಮಾರುವ ಕಂಪನಿಯಲ್ಲಿ. ಅವರ ಕೋಣೆ ಮೆಟ್ಟಿಲ ಕೆಳಗಿದೆ. ಮೆಟ್ಟಿಲು ಇಳಿದ ಹಾಗೆ ಚಾವಣಿಯೂ ಇಳಿದಿರುವುದರಿಂದ, ಬಾಗಿಲಲ್ಲಿ ನೆಟ್ಟಗೆ ನಿಂತವರು ಅವರ ಮೇಜಿನ ಹತ್ತಿರ ಹೋಗುವಷ್ಟರಲ್ಲಿ ತಾವಾಗಿಯೇ ತಲೆ ಬಾಗಿಸಿರುತ್ತಾರೆ. ಅದನ್ನೂ ಭಾವ ಮರ್ಯಾದೆ ಎಂದೇ ತೆಗೆದುಕೊಳ್ಳುತ್ತಾರೆ. ಕೋಣೆಯ ಅರ್ಧದಲ್ಲಿ ಸತ್ತ ಕೀಬೋರ್ಡುಗಳ ರಾಶಿ, ಇನ್ನರ್ಧದಲ್ಲಿ ನೆಲ ಒರೆಸುವ ಕೋಲು, ಬಕೆಟ್ಟು. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಪ್ರಿಂಟರ್ ನುಂಗಿದ ಕಾಗದವನ್ನು ಎಳೆದು ತೆಗೆಯುವುದು, ಬೆರಳೊತ್ತಿದರೂ ಗುರುತು ಹಿಡಿಯದ ಹಾಜರಿ ಯಂತ್ರದ ತಲೆಗೆ ಎರಡು ಬಾರಿಸುವುದು, ಇಷ್ಟು ಕೆಲಸ. ತಪ್ಪೇನೂ ಇಲ್ಲ ಬಿಡಿ, ನಾನೂ ದಿನವಿಡೀ ಇನ್ನೊಬ್ಬರ ತಲೆಹೊಟ್ಟು ನೋಡುವವಳೇ. ಆದರೆ ಅದನ್ನು ಮೆದುಳಿನ ಆಪರೇಷನ್ ಎಂದು ಹೇಳಿಕೊಂಡು ತಿರುಗುವುದಿಲ್ಲ.

ಒಂದು ಸಲ ಕಂಪನಿಯವರು ಭಾವನನ್ನು ಯಾವುದೋ ತರಬೇತಿಗೆ ಕಳಿಸಿದರು. ಅಲ್ಲಿಂದ ಅವರು ಒಂದು ಪದ ಹಿಡಿದುಕೊಂಡು ಬಂದರು. ಗಾಳ. ಮೋಸಗಾರರು ಮೀನಿಗೆ ಎರೆಹುಳು ತೋರಿಸಿದ ಹಾಗೆ ಆಸೆ ತೋರಿಸಿ ಮೇಲ್ ಕಳಿಸುತ್ತಾರೆ, ಅದರಲ್ಲಿರುವ ಲಿಂಕ್ ಒತ್ತಿದವನು ಸಿಕ್ಕಿಬೀಳುತ್ತಾನೆ ಎನ್ನುವುದು ಪಾಠ. ಪಾಠ ಸರಿಯಾದದ್ದೇ. ಆದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು. ಭಾವ ತಾವೇ ಸುಳ್ಳು ಮೇಲ್‌ಗಳನ್ನು ಬರೆದು ಆಫೀಸಿನವರಿಗೆಲ್ಲ ಕಳಿಸತೊಡಗಿದರು. ‘ನಿಮಗೆ ಬಡ್ತಿ ಬಂದಿದೆ, ಇಲ್ಲಿ ಒತ್ತಿ.’ ಪಾಪ, ವರ್ಷಗಟ್ಟಲೆ ಬಡ್ತಿಯ ಮುಖ ನೋಡದ ಗೋದಾಮಿನವನು ಒತ್ತದೆ ಇರುತ್ತಾನೆಯೇ? ಒತ್ತಿದವರನ್ನೆಲ್ಲ ಕೂರಿಸಿ ಭಾವ ಒಂದು ಗಂಟೆ ತಲೆ ತಿನ್ನುತ್ತಿದ್ದರು. ಕೊನೆಗೆ ಆ ಆಫೀಸಿನಲ್ಲಿ ಯಾರೂ ಯಾವ ಮೇಲನ್ನೂ ತೆರೆಯದ ಹಾಗಾಯಿತು. ನೀರಿನ ಟ್ಯಾಂಕು ಒಡೆದಿದೆ, ನಾಳೆ ರಜೆ ಎಂದು ಮ್ಯಾನೇಜರ್ ಬರೆದದ್ದನ್ನೂ ಯಾರೂ ತೆರೆಯಲಿಲ್ಲ. ಮರುದಿನ ಎಲ್ಲರೂ ಬಂದು ಮುಚ್ಚಿದ ಬಾಗಿಲ ಮುಂದೆ ಬಿಸಿಲಲ್ಲಿ ಕೂತರು. ಭಾವನಿಗೆ ಹಿಗ್ಗೋ ಹಿಗ್ಗು. ‘ನೋಡಿದ್ಯಾ ಕತ್ತರಿ, ಒಬ್ಬರೂ ಒತ್ತಿಲ್ಲ!’ ಎಂದು ಪಾರ್ಲರಿಗೇ ಬಂದು ಹೇಳಿಹೋದರು.

ಮನೆಯಲ್ಲೂ ಅದೇ ಕತೆ. ಇಡೀ ಮನೆಗೆ ಒಂದೇ ಮೇಲ್ ವಿಳಾಸ, ಅದರ ಪಾಸ್‌ವರ್ಡ್ ಭಾವನ ತಲೆಯಲ್ಲಿ ಮಾತ್ರ, ಅದೂ ವಾರಕ್ಕೊಮ್ಮೆ ಬದಲು. ಬಂದದ್ದನ್ನೆಲ್ಲ ಮೊದಲು ಅವರು ಜರಡಿ ಹಿಡಿದು, ಆಮೇಲೆ ಉಳಿದವರಿಗೆ ತೋರಿಸುತ್ತಾರೆ. ಅಕ್ಕನ ಶಾಲೆಯ ಗೆಳತಿಯೊಬ್ಬಳು ಎಷ್ಟೋ ವರ್ಷದ ಮೇಲೆ ಹೇಗೋ ವಿಳಾಸ ಹುಡುಕಿ ಬರೆದಿದ್ದಳಂತೆ. ‘ಇಷ್ಟು ದಿನ ಇಲ್ದೋಳು ಈಗ್ಯಾಕೆ ನೆನಪಿಸ್ಕೊಂಡ್ಲು? ಗಾಳ’ ಎಂದು ಭಾವ ಅಳಿಸಿಹಾಕಿದರು. ಅಕ್ಕ ಸ್ವಲ್ಪ ಅತ್ತಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು? ಮರುದಿನದಿಂದ ಎಂದಿನಂತೆ ಒಲೆಯ ಮುಂದೆ ನಿಂತಳು.

ಇದು ಸಾಲದು ಎಂದು ಇಂಟರ್ನೆಟ್ಟಿನಲ್ಲಿ ಭಾನುವಾರದ ಕಾರ್ಯಕ್ರಮ ಬೇರೆ. ‘ಭದ್ರತೆ ಮತ್ತು ಬಾಹ್ಯಾಕಾಶ’ ಎಂದು ಅದರ ಹೆಸರು. ಬೆಳಗಾಗುತ್ತಲೇ ಭಾವ, ಅಕ್ಕ ಬಟ್ಟೆ ಒಣಹಾಕಿದ ಸ್ಟ್ಯಾಂಡನ್ನು ಎತ್ತಿ ಬಚ್ಚಲಿಗೆ ತಳ್ಳಿ, ಕಪಾಟಿನ ಮೇಲೆ ಪ್ಲಾಸ್ಟಿಕ್ ರಾಕೆಟ್ ಇಟ್ಟು, ಬಳೆಯಂತಹ ಉರುಟು ದೀಪ ಹಚ್ಚಿ, ಫೋನಿನ ಮುಂದೆ ಕೂರುತ್ತಾರೆ. ಬೇರೆಯವರು ಬರೆದ ಸುದ್ದಿಯನ್ನು ಓದಿ, ಅದಕ್ಕೊಂದು ತಲೆದೂಗು ಸೇರಿಸಿದರೆ ಚರ್ಚೆಯಾಯಿತು. ಯಾವ ರಾಕೆಟ್ ಹಾರಿತು, ಯಾವ ಕಂಪನಿಯ ಗುಟ್ಟು ಸೋರಿತು, ಮುಂದಿನ ಹತ್ತು ವರ್ಷಕ್ಕೆ ಯಾವ ಓದು ಓದಬೇಕು, ಎಲ್ಲ ಇವರ ಅಂಗೈಯಲ್ಲಿ. ಪಕ್ಕದಲ್ಲಿ ತಜ್ಞರ ಕುರ್ಚಿಯಲ್ಲಿ ಕೂರುವವನು ನಮ್ಮ ಬೀದಿಯ ಕೇಬಲ್ಲಿನವನು. ಆಂಟೆನಾ ಎಂದರೆ ಎಲ್ಲರಿಗೂ ಗೊತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ.

ಒಂದು ಸಲ ಯಾವಳೋ ತಾಯಿ ಫೋನು ಮಾಡಿದ್ದಳು. ‘ಸಾರ್, ನನ್ ಮಗ ಲೆಕ್ಕದಲ್ಲಿ ಫೇಲು. ಬಾಹ್ಯಾಕಾಶದಲ್ಲಿ ಏನಾದ್ರೂ ಕೆಲಸ ಸಿಗತ್ತಾ?’

ಭಾವ ಗಂಭೀರವಾಗಿ ಗಡ್ಡ ಸವರಿಕೊಂಡರು. ಅಷ್ಟರಲ್ಲಿ ಆಂಟೆನಾ ಬಾಯಿ ಹಾಕಿದ. ‘ಸಿಗತ್ತಮ್ಮ, ಅಲ್ಲಿ ಯಾವುದಕ್ಕೂ ಭಾರ ಇಲ್ಲ ಅಂದ್ಮೇಲೆ ಲೆಕ್ಕದ ಭಾರ ಎಲ್ಲಿಂದ ಬಂತು?’

‘ಒಳ್ಳೇ ಅಂಶ ಹೇಳಿದ್ರಿ’ ಎಂದರು ಭಾವ. ಆ ಹುಡುಗನ ಗತಿ ಏನಾಯಿತೋ ನಾನು ಕಾಣೆ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದವಳು ಪುಟ್ಟಿ. ಒಬ್ಬಳೇ ಮಗಳು. ಕರೆಯುವುದು ಪುಟ್ಟಿ ಎಂದು, ಎತ್ತರದಲ್ಲಿ ಅಪ್ಪನಿಗಿಂತ ಒಂದು ಗೇಣು ಹೆಚ್ಚು. ಓದಿದ್ದು ಕಂಪ್ಯೂಟರ್, ಕೆಲಸ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಅಲ್ಲಿನ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದ ಹಾಗೆ ಕಾಯುವುದು. ಅಪ್ಪ ಹೇಳಿಕೊಂಡು ತಿರುಗುವ ಕೆಲಸವನ್ನು ಅವಳು ಹೇಳಿಕೊಳ್ಳದೆ ಮಾಡುತ್ತಾಳೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ತನ್ನ ಮನಸ್ಸಿನಲ್ಲಿರುವುದನ್ನು ಅವಳು ಬಾಯಿಬಿಡುತ್ತಿದ್ದದ್ದು ನನ್ನ ಪಾರ್ಲರಿನಲ್ಲಿ ಮಾತ್ರ, ಅದೂ ನಾನು ಅವಳ ಕೂದಲು ಕತ್ತರಿಸುವಾಗ.

ಅವಳ ಮನಸ್ಸಿನಲ್ಲಿದ್ದದ್ದು ಒಂದೇ. ಊರಾಚೆ ಉಪಗ್ರಹಗಳನ್ನು ನಡೆಸುವ ಕೇಂದ್ರವೊಂದಿದೆ. ಅಲ್ಲಿ ಒಂದು ಹುದ್ದೆ ಖಾಲಿಯಾಗಿತ್ತು. ಉಪಗ್ರಹ ಆಜ್ಞಾ ಭದ್ರತೆ ಎಂದು ಅದರ ಹೆಸರು. ಹಾಗೆಂದರೇನು ಎಂದು ಕೇಳಿದೆ.

‘ಉಪಗ್ರಹ ಮೇಲಿರತ್ತೆ ಚಿಕ್ಕಮ್ಮ. ಆ ಕಡೆ ತಿರುಗು, ಈ ಕಡೆ ತಿರುಗು ಅಂತ ಕೆಳಗಿಂದ ನಾವು ಹೇಳ್ಬೇಕು. ಯಾವನೋ ಪೋಕರಿ ಕೂಡ ಹಾಗೇ ಹೇಳಬಹುದಲ್ವಾ?’

‘ಹೇಳಿದ್ರೆ?’

‘ಅವನ ಮಾತು ಕೇಳಿ ದಾರಿ ತಪ್ಪತ್ತೆ. ಅದಕ್ಕೆ, ಬಂದ ಮಾತು ನಮ್ಮೋರದ್ದೇ ಹೌದಾ ಅಂತ ಅದಕ್ಕೆ ಗೊತ್ತಾಗ್ಬೇಕು. ಅದನ್ನ ನೋಡ್ಕೊಳ್ಳೋ ಕೆಲಸ.’

‘ಎಲ್ಲಾ ಸುಳ್ಳು ಅಂತ ಕಿವಿ ಮುಚ್ಕೊಂಡು ಕೂತ್ರೆ ಆಯ್ತಲ್ಲ, ನಿಮ್ಮಪ್ಪನ ಹಾಗೆ.’

ಪುಟ್ಟಿ ನಕ್ಕಳು. ‘ಆಗ ನಮ್ಮ ಮಾತೂ ಕೇಳಲ್ವಲ್ಲ ಚಿಕ್ಕಮ್ಮ. ಕಿವುಡು ಉಪಗ್ರಹ ಇದ್ರೇನು, ಬಿಟ್ರೇನು? ಸುಳ್ಳನ್ನ ಸುಳ್ಳು ಅನ್ನೋದು ಸುಲಭ. ನಿಜವನ್ನ ನಿಜ ಅನ್ನೋದೇ ಕಷ್ಟದ ಕೆಲಸ.’

‘ಅಲ್ಲಾಡ್ಬೇಡ, ಕಿವಿ ಕತ್ತರಿಸ್ತೀನಿ’ ಎಂದೆ. ಆದರೆ ಆ ಹುಡುಗಿಯ ಕಣ್ಣಿನಲ್ಲಿದ್ದ ಆಸೆ ಕನ್ನಡಿಯಲ್ಲಿ ಎದ್ದು ಕಾಣುತ್ತಿತ್ತು. ಆ ಕೇಂದ್ರದವರು ವಯಸ್ಸಿಗೆ ಮಿತಿ ಹಾಕಿದ್ದರು. ಅವಳಿಗೆ ಇದೇ ಕೊನೆಯ ಸಲ. ಇದು ತಪ್ಪಿದರೆ ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

ಅರ್ಜಿ ತುಂಬುವ ದಿನ ಭಾವ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರಂತೆ. ‘ನಿನ್ನ ಸ್ವಂತ ಮೇಲ್ ಕೊಡ್ಬೇಡ, ನಂಬರೂ ಕೊಡ್ಬೇಡ. ಇಂಥ ಜಾಗದಿಂದಾನೇ ಎಲ್ಲಾ ಸೋರೋದು. ಮನೇದು ಕೊಡು, ನಾನಿದ್ದೀನಿ’ ಎಂದರಂತೆ. ಅವಳು ಹಾಗೇ ಮಾಡಿದಳು. ಅಷ್ಟು ಓದಿದವಳು ನೀನು, ನಿನಗೆ ಬುದ್ಧಿ ಎಲ್ಲಿ ಹೋಗಿತ್ತೇ ಎಂದು ಆಮೇಲೆ ನಾನು ಬೈದದ್ದುಂಟು. ‘ಅಪ್ಪ ಅವತ್ತು ಎಷ್ಟು ಖುಷಿಯಾಗಿದ್ರು ಗೊತ್ತಾ ಚಿಕ್ಕಮ್ಮ? ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ’ ಎಂದಳು. ಅವರ ಖುಷಿ ಯಾಕೆಂದು ನನಗೆ ಗೊತ್ತು. ಆ ಭಾನುವಾರವೇ ಫೋನಿನ ಮುಂದೆ ಕೂತು, ‘ನನ್ನ ಮಗಳು ಕೂಡ ಅರ್ಜಿ ಹಾಕಿದ್ದಾಳೆ, ನಿಮ್ಮ ಮಕ್ಕಳು ತಯಾರಿದ್ದಾರಾ?’ ಎಂದು ಊರಿನವರನ್ನೆಲ್ಲ ಕೇಳಿದರು.

ತಾರೀಖುಗಳನ್ನೆಲ್ಲ ಕೇಂದ್ರದವರು ತಮ್ಮ ವೆಬ್‌ಸೈಟಿನಲ್ಲೇ ಹಾಕಿದ್ದರು. ಪುಟ್ಟಿ ಪರೀಕ್ಷೆ ಬರೆದಳು. ಸಂದರ್ಶನಕ್ಕೂ ಹೋಗಿಬಂದಳು. ‘ಚೆನ್ನಾಗಾಯ್ತು ಅನ್ಸತ್ತೆ, ಮೇಲ್ ಬರತ್ತೆ ಅಂದ್ರು’ ಎಂದಷ್ಟೇ ಹೇಳಿದಳು. ಅಲ್ಲಿಂದ ಶುರುವಾಯಿತು ಕಾಯುವುದು. ಆಸ್ಪತ್ರೆಯ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಡುವ ಮೊದಲೇ, ‘ಅಪ್ಪ, ಬಂತಾ?’

‘ಇಲ್ಲ ಕಣೆ.’

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಅಕ್ಕ ಹೇಳುತ್ತಿದ್ದಳು, ಹುಡುಗಿ ಊಟ ಅರ್ಧಕ್ಕೇ ಬಿಟ್ಟು ಏಳುತ್ತಾಳೆ ಎಂದು. ನಾನು ಧೈರ್ಯ ಹೇಳಿದೆ. ಆಕಾಶದಲ್ಲಿ ಕೆಲಸ ಮಾಡುವವರು, ನೆಲಕ್ಕೆ ಸುದ್ದಿ ಮುಟ್ಟಲು ಹೊತ್ತಾಗುತ್ತದೆ ಎಂದು ತಮಾಷೆ ಮಾಡಿದೆ.

ಭಾವನ ಕಾರ್ಯಕ್ರಮವನ್ನು ನಾನು ವಾರವಾರ ನೋಡುವುದಿಲ್ಲ. ದುಡಿದು ತಿನ್ನುವವಳಿಗೆ ಅಷ್ಟು ಪುರುಸೊತ್ತಿಲ್ಲ. ಪುಟ್ಟಿಗೆ ಭಾನುವಾರವೂ ಆಸ್ಪತ್ರೆಯಲ್ಲಿ ಪಾಳಿ, ಅಕ್ಕ ಅತ್ತ ತಲೆ ಹಾಕುವವಳಲ್ಲ. ಒಂದು ಬುಧವಾರ ಮಧ್ಯಾಹ್ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬಳು ತಲೆಗೆ ಬಣ್ಣ ಹಚ್ಚಿಸಿಕೊಂಡು, ಅದು ಹಿಡಿಯುವವರೆಗೆ ಫೋನು ನೋಡುತ್ತಾ ಕೂತಿದ್ದಳು. ಇದ್ದಕ್ಕಿದ್ದ ಹಾಗೆ ಕಿಸಕ್ಕನೆ ನಕ್ಕಳು.

‘ಇವ್ರು ನಿಮ್ಮ ಭಾವ ಅಲ್ವೇನ್ರೀ? ಯಾವಳನ್ನೋ ಸರಿಯಾಗಿ ಝಾಡಿಸಿದ್ದಾರೆ, ನೋಡಿ ಬನ್ನಿ.’

ಹೋಗಿ ನೋಡಿದೆ. ‘ಬಾಹ್ಯಾಕಾಶ ಉದ್ಯೋಗದ ಹೆಸರಲ್ಲಿ ಹೊಸ ಗಾಳ!’ ಎಂದು ಕೆಂಪು ಅಕ್ಷರ. ಪರದೆಯ ಮೇಲೆ ಒಂದು ಮೇಲ್, ಹೆಸರಿದ್ದ ಕಡೆ ಕಪ್ಪು ಪಟ್ಟಿ. ಭಾವ ಸ್ಕೇಲು ಹಿಡಿದು ಒಂದೊಂದೇ ಸಾಲನ್ನು ಬಡಿದು ತೋರಿಸುತ್ತಿದ್ದರು. ‘ನೋಡಿ, ಸಂಸ್ಥೆ ಹೆಸರಲ್ಲೇ ಒಂದು ದೀರ್ಘ ಬಿಟ್ಟಿದ್ದಾರೆ. ಅಭಿನಂದನೆಗೆ ಒತ್ತಕ್ಷರ ಕೊಟ್ಟಿದ್ದಾರೆ. ಸೋಮವಾರದ ಒಳಗೆ ಒಪ್ಪಿಗೆ ತಿಳಿಸಿ ಅಂತೆ. ಯಾಕೆ ಸ್ವಾಮಿ ಇಷ್ಟು ಅವಸರ? ಕೆಳಗಡೆ ಒಂದು ಲಿಂಕು. ಪಕ್ಕಾ ಗಾಳ!’

‘ಅಯ್ಯಯ್ಯೋ, ಎಂಥ ಕಾಲ ಬಂತಪ್ಪಾ’ ಎಂದು ಆಂಟೆನಾ ಕೆನ್ನೆ ಬಡಿದುಕೊಂಡ.

‘ಇಷ್ಟಕ್ಕೇ ಮುಗೀಲಿಲ್ಲ. ಶನಿವಾರ ಫೋನ್ ಕೂಡ ಮಾಡಿದ್ರು. ಧೈರ್ಯ ನೋಡಿ ಇವರದ್ದು. ರೆಕಾರ್ಡ್ ಮಾಡಿದ್ದೀನಿ, ಕೇಳಿಸ್ಕೊಳ್ಳಿ.’

ಒಂದು ಹೆಂಗಸಿನ ದನಿ, ಬಹಳ ಮೆತ್ತಗಿನದು, ಮೇಲ್ ಸಿಕ್ಕಿತೇ ಎಂದು ಕೇಳಿತು.

‘ಮೊದಲು ನಿಮ್ಮ ಉದ್ಯೋಗಿ ಸಂಖ್ಯೆ ಹೇಳಿ’ ಎಂದರು ಭಾವ.

‘ಸಾರ್, ಒಪ್ಪಿಗೆ ಇನ್ನೂ ಬಂದಿಲ್ಲ, ಅದಕ್ಕೆ ನೆನಪು ಮಾಡೋಣ ಅಂತ…’

‘ಬಾಹ್ಯಾಕಾಶದವರು ಅಂತೀರಲ್ಲ, ಚಂದ್ರ ಇಲ್ಲಿಂದ ಎಷ್ಟು ದೂರ ಇದೆ ಹೇಳಿ ನೋಡೋಣ!’

‘ಸಾರ್, ನಾನು ಆಡಳಿತ ವಿಭಾಗದಲ್ಲಿ…’

‘ಸಿಕ್ಕಿಬಿದ್ಲು! ಚಂದ್ರನ ದೂರ ಗೊತ್ತಿಲ್ಲ, ಕೆಲಸ ಕೊಡೋಕೆ ಬಂದ್ಬಿಟ್ಲು. ಕಳ್ಳಿ! ಇನ್ನೊಂದ್ಸಲ ಈ ನಂಬರಿಗೆ ಫೋನ್ ಮಾಡಿದ್ರೆ ಪೊಲೀಸಿಗೆ ಹಿಡಿದು ಕೊಡ್ತೀನಿ!’

ಅಲ್ಲಿಗೆ ಆಂಟೆನಾ ಚಪ್ಪಾಳೆ ತಟ್ಟಿದ. ಗಿರಾಕಿಯೂ ನಗುತ್ತಿದ್ದಳು. ನನ್ನ ಕಣ್ಣು ಮಾತ್ರ ಆ ಕಪ್ಪು ಪಟ್ಟಿಯ ಕೆಳಗಿನ ಸಾಲಿನ ಮೇಲೆ ನಿಂತುಬಿಟ್ಟಿತ್ತು. ಅಲ್ಲಿ ‘ಉಪಗ್ರಹ ಆಜ್ಞಾ ಭದ್ರತೆ’ ಎಂದು ಬರೆದಿತ್ತು. ಆ ಮಾತನ್ನು ನಾನು ಪುಟ್ಟಿಯ ಬಾಯಲ್ಲಿ ಅದೆಷ್ಟು ಸಲ ಕೇಳಿದ್ದೆ! ಬಣ್ಣ ಹಚ್ಚಿದ ಕೈಯಲ್ಲೇ ಅವಳಿಗೆ ಫೋನು ಮಾಡಿದೆ.

ಇಲ್ಲಿಂದ ಮುಂದೆ ಈ ಮನುಷ್ಯನಿಗೆ ಬಹುವಚನ ಕೊಡಲು ನನಗೆ ಇಷ್ಟವಿಲ್ಲ. ಆದರೂ ಅಕ್ಕನ ಮುಖ ನೋಡಿ ಕೊಡುತ್ತೇನೆ.

ಪುಟ್ಟಿ ಆಸ್ಪತ್ರೆಯಿಂದ ನೇರವಾಗಿ ಬಸ್ ಸ್ಟಾಪಿಗೆ ಬಂದಳು. ಇಬ್ಬರೂ ಆ ಕೇಂದ್ರಕ್ಕೆ ಹೋಗುವ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಆ ವಿಡಿಯೋವನ್ನು ಕಿವಿಗೆ ಹಿಡಿದು ಮತ್ತೆ ಮತ್ತೆ ಕೇಳಿದಳು. ‘ಸಂದರ್ಶನದ ದಿನ ಇವರ ಜೊತೆ ಮಾತಾಡಿದ್ದೆ ಚಿಕ್ಕಮ್ಮ. ಇವರದ್ದೇ ದನಿ’ ಎಂದಳು. ಗಡುವು ಮುಗಿದು ಎರಡು ದಿನವಾಗಿತ್ತು. ಸರ್ಕಾರಿ ಜನ, ಎರಡು ದಿನಕ್ಕೆಲ್ಲ ಅವರ ಪೆನ್ನಿನ ಮುಚ್ಚಳವೂ ತೆರೆದಿರುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ನನಗೂ ಹಾಗೇ ಅನ್ನಿಸಿತ್ತು.

ಉದ್ದನೆಯ ಕಾಂಪೌಂಡಿನ ಕೊನೆಯಲ್ಲಿ ಗೇಟು, ಗೇಟಿನ ಪಕ್ಕ ಬಂದವರು ಕೂರುವ ಕೋಣೆ. ಗೋಡೆಗೆ ತಾಗಿಸಿ ಕುರ್ಚಿಗಳು, ಮೂಲೆಯಲ್ಲಿ ನೀರಿನ ಡ್ರಮ್ಮು, ಅದರ ಲೋಟಕ್ಕೆ ಸರಪಳಿ. ಆಕಾಶದಲ್ಲಿ ಅಷ್ಟೆಲ್ಲ ಬಿಟ್ಟು ಬಂದವರಿಗೆ ಲೋಟ ಹೋದೀತೆಂಬ ಭಯ. ಸ್ವಲ್ಪ ಹೊತ್ತಿಗೆ ಆ ದನಿಯ ಹೆಂಗಸು ಹೊರಗೆ ಬಂದರು. ನನ್ನ ವಯಸ್ಸಿನವರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ಪುಟ್ಟಿಯನ್ನು ನೋಡಿದ ಕೂಡಲೇ ಗುರುತು ಹಿಡಿದರು.

‘ಅಯ್ಯೋ, ನೀನಾ? ಯಾಕಮ್ಮ ಹೀಗ್ಮಾಡ್ದೆ? ನಿನ್ನದೇ ಮೊದಲನೇ ಹೆಸರಿತ್ತು.’

ಪುಟ್ಟಿ ಏನೋ ಹೇಳಲು ಹೋದಳು. ನಾನೇ ಹೇಳಿದೆ, ‘ಮೇಲ್ ಅವಳ ಕೈಗೇ ಬರ್ಲಿಲ್ಲ ಮೇಡಂ, ಮನೇಲಿ ತಡೆದುಬಿಟ್ರು.’

‘ನಾನೇ ಫೋನ್ ಮಾಡಿದ್ದೆ. ಯಾರೋ ಗಂಡಸರು ಎತ್ಕೊಂಡು ಚಂದ್ರ ಎಷ್ಟು ದೂರ ಅಂತ ಕೇಳಿದ್ರು. ನನ್ನನ್ನ ಕಳ್ಳಿ ಅಂದ್ರು.’ ಆಕೆ ಸಿಟ್ಟಿನಲ್ಲಿ ಹೇಳಲಿಲ್ಲ, ಅದಕ್ಕೇ ನನಗೆ ಇನ್ನೂ ನಾಚಿಕೆಯಾಯಿತು. ‘ಯಾರಮ್ಮ ಅವ್ರು?’

‘ನಮ್ಮಪ್ಪ’ ಎಂದಳು ಪುಟ್ಟಿ.

ಆಕೆ ಕನ್ನಡಕ ಕೆಳಗಿಳಿಸಿಕೊಂಡರು. ಇಂಥ ಅಪ್ಪನಿರುವವಳಿಗೆ ಏನು ಹೇಳಬೇಕು ಎಂದು ಯಾವ ಆಡಳಿತ ವಿಭಾಗದಲ್ಲೂ ಹೇಳಿಕೊಡುವುದಿಲ್ಲ. ಗಡುವು ಮುಗಿದ ಮೇಲೆ ಪಟ್ಟಿಯಲ್ಲಿ ಎರಡನೆಯವನಿಗೆ ಬರೆದರಂತೆ, ಅವನು ಕೂಡಲೇ ಒಪ್ಪಿದನಂತೆ, ಅವತ್ತು ಬೆಳಿಗ್ಗೆಯೇ ಬಂದು ಸೇರಿಕೊಂಡನಂತೆ. ಇನ್ನು ಯಾರೂ ಏನೂ ಮಾಡುವ ಹಾಗಿಲ್ಲ.

‘ಮುಂದಿನ ಸಲ…’ ಎಂದವರು, ಹುಡುಗಿಯ ವಯಸ್ಸು ನೆನಪಾಗಿ ಅಲ್ಲಿಗೇ ನಿಲ್ಲಿಸಿದರು.

ಅವರಿಗೂ ನಾನು ಒಂದು ಮಾತು ಹೇಳದೆ ಬಿಡಲಿಲ್ಲ. ‘ಅಲ್ಲ ಮೇಡಂ, ಅಷ್ಟೆತ್ತರಕ್ಕೆ ಕಬ್ಬಿಣ ಹಾರಿಸ್ತೀರಿ. ಒಂದು ಮೇಲನ್ನ ತಪ್ಪಿಲ್ದೆ ಬರೆಯೋ ಒಬ್ಬ ಮನುಷ್ಯ ನಿಮ್ಮಲ್ಲಿಲ್ವಾ?’ ಎಂದೆ. ಆಕೆ ತಲೆತಗ್ಗಿಸಿ, ‘ಹೌದಮ್ಮ, ಅದೂ ನಿಜ’ ಎಂದರು. ತಪ್ಪನ್ನು ತಪ್ಪು ಎಂದು ಒಪ್ಪಿಕೊಳ್ಳುವವರು ಲೋಕದಲ್ಲಿ ಇದ್ದಾರೆ ಎಂದು ಅವತ್ತು ಗೊತ್ತಾಯಿತು. ಬಸ್ಸಿನಲ್ಲಿ ಪುಟ್ಟಿ ಅಳಲಿಲ್ಲ. ಅತ್ತವಳು ನಾನು, ಸೀಟಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ.

ಮನೆಗೆ ಬಂದಾಗ ಭಾವ ಮುಂದಿನ ಭಾನುವಾರಕ್ಕೆ ತಯಾರಿ ನಡೆಸಿದ್ದರು. ಆ ಗಾಳದ ಕಾರ್ಯಕ್ರಮವನ್ನು ಹಿಂದೆಂದೂ ಇಲ್ಲದಷ್ಟು ಜನ ನೋಡಿದ್ದರಂತೆ, ಎರಡನೇ ಭಾಗ ಮಾಡಿ ಎಂದು ಕೇಳಿದ್ದರಂತೆ. ಮುಖದಲ್ಲಿ ಆ ಕಳೆ ಇನ್ನೂ ಇತ್ತು. ನಾನು ಚಪ್ಪಲಿಯಲ್ಲೇ ಒಳಗೆ ಹೋಗಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಕ್ಕ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಳು.

ಭಾವ ಮೊದಲು ಕೇಳಿದ್ದೇನು ಗೊತ್ತೇ? ‘ಆ ಹೆಂಗಸಿನ ಗುರುತಿನ ಚೀಟಿ ನೋಡಿದ್ರಾ?’

‘ಭಾವ, ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ! ಉಪಗ್ರಹ ನಡೆಸೋ ಕಟ್ಟಡದ ಒಳಗಡೆಯಿಂದ ಎದ್ದು ಬಂದ್ರು ಆಕೆ!’

‘ಹಾಗಾದ್ರೆ ತಪ್ಪು ಅವರದ್ದು. ನಿಜವಾದ ಸಂಸ್ಥೆ ಹೀಗೆ ಬರೀತದಾ? ದೀರ್ಘ ಇಲ್ಲ, ಒತ್ತಕ್ಷರ ಎಲ್ಲೆಲ್ಲೋ. ಇದರ ಮೇಲೇ ಒಂದು ಕಾರ್ಯಕ್ರಮ ಮಾಡ್ತೀನಿ, ಬುದ್ಧಿ ಬರ್ಲಿ ಅವರಿಗೆ.’

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ‘ಮಗಳ ಬಾಳಿಗೆ ಕಲ್ಲು ಹಾಕಿದ್ದೀರಿ, ಕಾರ್ಯಕ್ರಮ ಮಾಡ್ತಾರಂತೆ ಕಾರ್ಯಕ್ರಮ!’ ಎಂದು ಕಿರುಚಿದೆ.

‘ಒಂದು ವೇಳೆ ಅದು ಮೋಸಾನೇ ಆಗಿದ್ರೆ? ಆಗ ನೀವೆಲ್ಲ ನನ್ನ ಕಾಲು ಹಿಡೀತಿದ್ರಿ. ಆಗ ಯಾರೂ ಹೀಗೆ ಕೂಗಾಡ್ತಿರ್ಲಿಲ್ಲ’ ಎಂದರು.

ಅಕ್ಕನ ಬಾಯಿಂದ ಆಗ ಮಾತು ಹೊರಟಿತು. ‘ಮೇಲ್ ಬಂತು ಅಂತ ಅವಳಿಗೊಂದು ಮಾತು ಹೇಳಬಹುದಿತ್ತಲ್ರೀ. ದಿನಾ ಬಂತಾ ಬಂತಾ ಅಂತ ಕೇಳ್ತಿತ್ತಲ್ರೀ ಮಗು.’

‘ಸುಮ್ನೆ ಆಸೆ ಇಟ್ಕೋತಾಳೆ ಅಂತ ಹೇಳ್ಲಿಲ್ಲ. ಅವಳ ಒಳ್ಳೇದಕ್ಕೇ.’

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಪುಟ್ಟಿ ಬಂದು ಅಪ್ಪನ ಎದುರಿನ ಕುರ್ಚಿಯಲ್ಲಿ ಕೂತಳು. ಅದು ಆಂಟೆನಾ ಕೂರುವ ಕುರ್ಚಿ. ಅವಳು ಕೂಗಾಡಲಿಲ್ಲ. ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಟ್ಟಾಗ ಯಾವ ತಂತಿ ಎಲ್ಲಿ ಕಿತ್ತಿತು ಎಂದು ಕೇಳುವ ದನಿಯಲ್ಲೇ ಕೇಳಿದಳು.

‘ಅಪ್ಪ, ಒಂದೇ ಒಂದು ವಿಷಯ ಹೇಳಿ. ನಾನು ಪರೀಕ್ಷೆ ಬರೆದದ್ದು ನಿಮಗೆ ಗೊತ್ತು. ಸಂದರ್ಶನಕ್ಕೆ ಹೋಗಿದ್ದೂ ಗೊತ್ತು. ಮೇಲ್ ಬರತ್ತೆ ಅಂತಾನೂ ಗೊತ್ತು. ಅದೇ ಹುದ್ದೆ ಹೆಸರು ಬರೆದಿತ್ತು. ಇದು ನಿಜ ಇರಬಹುದು ಅಂತ ನಿಮಗೆ ಒಂದು ಸಲವೂ ಅನ್ನಿಸ್ಲಿಲ್ವಾ?’

ಭಾವ ಸ್ಕೇಲನ್ನು ತಿರುಗಿಸುತ್ತಾ ಕೂತರು.

‘ನಾನೂ ಹಾಕಿದ್ದೆ ಕಣೆ ಅರ್ಜಿ’ ಎಂದರು ಕೊನೆಗೆ. ‘ನಿನ್ನ ವಯಸ್ಸಲ್ಲಿ. ನಿಮ್ಮಮ್ಮನಿಗೂ ಹೇಳಿಲ್ಲ. ಅವರು ಕರೆದಾಗೆಲ್ಲ ಹಾಕಿದ್ದೆ, ವಯಸ್ಸು ಮೀರೋವರೆಗೂ. ಅಂಚೆಯವನು ಬರೋ ಹೊತ್ತಿಗೆ ಗೇಟಲ್ಲಿ ನಿಂತಿರ್ತಿದ್ದೆ. ಒಂದು ಕಾಗದ ಬರ್ಲಿಲ್ಲ. ಬೇಡ ಅಂತ ಹೇಳೋಕೂ ಒಬ್ಬರು ಬರೀಲಿಲ್ಲ. ಅಂಥವರೆಲ್ಲ ನಮ್ಮಂಥವರ ಮನೆಗೆ ಎಲ್ಲಿ ಬರೀತಾರೆ? ನೋಡಿದ ಕೂಡ್ಲೇ ನನಗೆ ಗೊತ್ತಾಯ್ತು, ಇದು ಸುಳ್ಳು ಅಂತ. ನಮಗೆಲ್ಲ ಅಂಥದ್ದು ಬರಲ್ಲ ಪುಟ್ಟಿ.’

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳ ಕರುಳು ಮೆತ್ತಗೆ, ಅದಕ್ಕೇ ಅವಳ ಬಾಳು ಹೀಗೆ. ನನಗೆ ಕನಿಕರ ಬರಲಿಲ್ಲ, ಈಗಲೂ ಬಂದಿಲ್ಲ. ಊರ ಮಕ್ಕಳಿಗೆಲ್ಲ ಆಕಾಶ ತೋರಿಸುತ್ತಾ, ಸ್ವಂತ ಮಗಳಿಗೆ ಅದು ದಕ್ಕುವುದಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದ ಮನುಷ್ಯ. ತನ್ನ ಹಣೆಬರಹವನ್ನು ಅವಳ ಹಣೆಗೂ ಅಂಟಿಸಿ, ಅದಕ್ಕೆ ಭದ್ರತೆ ಎಂದು ಹೆಸರಿಟ್ಟವರು. ಥೂ!

ಪುಟ್ಟಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

‘ನನಗೆ ಬಂದಿತ್ತಪ್ಪ’ ಎಂದಳು.